ಆರು ನಿಮಿಷ ನುಡಿಸಿದ್ದು, ಐದು ನಿಮಿಷ ಕೇಳಿಸಿದ್ದು

2023ರ ಮಾರ್ಚ್ 7ರ ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಕುವೈತ್‌ನ ಅರ್ದಿಯಾದ ಗೋದಾಮೊಂದರ ಸ್ಟೋರ್‌ಕೀಪರ್ ಮೊಯ್ದಿನ್ ಎಂಬವರು ನಮ್ಮ ಪತ್ರಿಕಾ ಕಚೇರಿಗೆ ಬಂದು, ಯುರೋಪಿನ ಕಂಪನಿಯೊಂದು ಬಿಡುಗಡೆ ಮಾಡಲಿದ್ದ ಬ್ಲೂಸ್ ರೆಕಾರ್ಡಿನ ಗಿಟಾರ್ ತಾವು ನುಡಿಸಿದ್ದು ಎಂದು ಹೇಳಿದರು. ಅವರಿಗೆ ಆಗ ಎಪ್ಪತ್ತೆರಡು ವರ್ಷ. ಕಂಪನಿಯ ಪ್ರಕಟಣೆಯಲ್ಲಿ ಗಿಟಾರ್ ವಾದಕನೆಂದು ಇದ್ದದ್ದು ಬೇರೆ ಹೆಸರು: ವಾಲ್ಟರ್, ಅಮೆರಿಕದ ಪಂಪ್ ಎಂಜಿನಿಯರ್. ಅವರು ತೀರಿಕೊಂಡು ಹತ್ತು ವರ್ಷಗಳಾಗಿದ್ದವು.

ನಾನು ಆಗ ಕುವೈತ್‌ನ ಇಂಗ್ಲಿಷ್ ದೈನಿಕವೊಂದರ ಕಾಪಿ ಡೆಸ್ಕಿನಲ್ಲಿ ಹಿರಿಯ ಉಪಸಂಪಾದಕಿ. ವರದಿಗಾರರು ತಂದ ಸುದ್ದಿಯಲ್ಲಿ ಹೆಸರು, ದಿನಾಂಕ, ಅಂಕಿ ಸರಿಯಾಗಿವೆಯೇ ಎಂದು ನೋಡುವುದು ನನ್ನ ಕೆಲಸ. ತಪ್ಪು ಅಚ್ಚಾದರೆ ಮರುದಿನದ ತಿದ್ದುಪಡಿಯನ್ನೂ ನಾನೇ ಬರೆಯಬೇಕಿತ್ತು. ಊರು ಪುತ್ತೂರಾದ್ದರಿಂದ ಕರಾವಳಿಯವರು ಯಾರೇ ಬಂದರೂ ರಿಸೆಪ್ಷನ್‌ನವರು ನನ್ನ ಮೇಜಿಗೆ ಕಳಿಸುತ್ತಿದ್ದರು. ಹಿಂದಿನ ವರ್ಷ ಹಾಗೆ ಬಂದ ಒಬ್ಬರು ತಾವು ಒಂದು ಕಾಲದ ಹೆಸರಾಂತ ಫುಟ್‌ಬಾಲ್ ಆಟಗಾರ ಎಂದಿದ್ದರು. ಅರ್ಧ ಪುಟ ಕೊಟ್ಟೆವು. ನಾಲ್ಕನೆಯ ದಿನ ನಿಜವಾದ ಆಟಗಾರರ ಮಗಳು ಫೋನ್ ಮಾಡಿದರು. ಆ ತಿದ್ದುಪಡಿ ಬರೆದ ಮೇಲೆ ಸುದ್ದಿ ಸಂಪಾದಕ ಥಾಮಸ್ ಒಂದು ನಿಯಮ ಮಾಡಿದ್ದರು. “ಹೆಸರು, ಕಾಗದ, ಸಾಕ್ಷಿ. ಮೂರರಲ್ಲಿ ಎರಡಿದ್ದರೆ ಬರೆಯೋಣ. ಒಂದೇ ಇದ್ದರೆ ಚಹಾ ಕುಡಿಸಿ ಕಳಿಸು.”

ಮೊಯ್ದಿನ್ ಬಳಿ ಒಂದೇ ಇತ್ತು, ಅವರ ಹೆಸರು.

ಅವರು ಉಳ್ಳಾಲದ ಕಡೆಯ ಬ್ಯಾರಿ ಮುಸ್ಲಿಮರು. ಗೋದಾಮಿನಲ್ಲಿ ಊರಿನವರು ಹಿರಿಯರೆಂಬ ಗೌರವದಿಂದ ಅವರನ್ನು ಮೊಯ್ದಿನಾಕ ಎನ್ನುತ್ತಿದ್ದರು, ಎರಡನೆಯ ಭೇಟಿಯ ಹೊತ್ತಿಗೆ ನಾನೂ ಹಾಗೇ ಕರೆಯತೊಡಗಿದೆ. ತೆಳ್ಳಗಿನ ಆಳು. ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಮಂಗಳೂರಿನಲ್ಲಿರುವ ಅವರ ಅಳಿಯ ವಾಟ್ಸ್‌ಆ್ಯಪಿನಲ್ಲಿ ಒಂದು ತುಣುಕು ಕಳಿಸಿದ್ದನಂತೆ, ಆ ಕಂಪನಿ ಜಾಹೀರಾತಿಗೆಂದು ಹಾಕಿದ್ದ ತೊಂಬತ್ತು ಸೆಕೆಂಡಿನ ಸಂಗೀತ. ಫೋನನ್ನು ನನ್ನ ಮೇಜಿನ ಮೇಲಿಟ್ಟು ಕೇಳಿಸಿದರು.

“ನಾನು ದುಡ್ಡಿಗೆ ಬಂದದ್ದಲ್ಲ ಮೇಡಂ,” ಎಂದರು. “ಅದು ನನ್ನ ಕೈ. ನನ್ನ ಕೈ ನನಗೆ ಗೊತ್ತಾಗುದಿಲ್ವಾ?”

ದುಡ್ಡು ಬೇಡ ಎಂದು ಮೊದಲ ವಾಕ್ಯದಲ್ಲೇ ಹೇಳುವವರ ಬಗ್ಗೆ ನನಗೆ ಒಳ್ಳೆಯ ಅನುಭವ ಇರಲಿಲ್ಲ. ಬೇಡದ್ದನ್ನು ಪಕ್ಕಕ್ಕಿಟ್ಟು, ಬೇಕಾದದ್ದು ಏನು ಎಂದು ಕೇಳಿದೆ.

“ಹೆಸರು,” ಎಂದರು. “ಜೂನ್‌ನಲ್ಲಿ ಇಕಾಮಾ ಮುಗೀತದೆ. ಮತ್ತೆ ರಿನ್ಯೂ ಮಾಡುದಿಲ್ಲ ಅಂತ ಕಫೀಲ್ ಹೇಳಿ ಆಯ್ತು. ಐವತ್ತು ವರ್ಷ ಇಲ್ಲಿದ್ದೆ. ಖಲಾಸ್. ಹೋಗುವಾಗ ಒಂದು ರೆಕಾರ್ಡಿನಲ್ಲಾದರೂ ನನ್ನ ಹೆಸರು ಇರಬೇಕು.” ಇಕಾಮಾ ಎಂದರೆ ಇಲ್ಲಿ ವಾಸಿಸುವ ಪರವಾನಗಿ, ಕಫೀಲ್ ಎಂದರೆ ಅದಕ್ಕೆ ಹೊಣೆ ನಿಲ್ಲುವ ಮಾಲೀಕ.

ಅವರ ಹೇಳಿಕೆಯನ್ನು ಅಂದೇ ಬರೆದುಕೊಂಡೆ. 1973ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಕುವೈತ್‌ನ ಕೈಗಾರಿಕಾ ಪ್ರದೇಶವಾದ ಶುಐಬಾ ಬಳಿಯ ಗುತ್ತಿಗೆದಾರರ ಕ್ಯಾಂಪೊಂದಕ್ಕೆ ರೂಮ್ ಬಾಯ್ ಆಗಿ ಬಂದರು. ಎಂಜಿನಿಯರುಗಳ ಕೋಣೆ ಗುಡಿಸುವುದು, ಹಾಸಿಗೆ ಹಾಸುವುದು ಕೆಲಸ. ವಾಲ್ಟರ್ ಕೋಣೆಯಲ್ಲಿ ಒಂದು ಗಿಟಾರ್, ಒಂದು ಟೇಪ್ ರೆಕಾರ್ಡರ್, ಗೋಡೆಯುದ್ದಕ್ಕೂ ಬ್ಲೂಸ್ ರೆಕಾರ್ಡುಗಳು. ಬ್ಲೂಸ್ ಎಂದರೆ ಅಮೆರಿಕದ ಕಪ್ಪು ಜನರು ದುಡಿಮೆಯ ನಡುವೆ ಕಟ್ಟಿಕೊಂಡ ಹಾಡಿನ ಬಗೆ. ಸಾಮಾನ್ಯವಾಗಿ ಹನ್ನೆರಡು ಅಳತೆಗಳ ಒಂದು ಸುತ್ತು, ಅದೇ ಮತ್ತೆ ಮತ್ತೆ ಬರುತ್ತದೆ. ಹಾಡುವವರು ಒಂದು ಸಾಲು ಹೇಳಿದರೆ ಗಿಟಾರ್ ಅದಕ್ಕೆ ಮರುಮಾತು ಕೊಡುತ್ತದೆ. ವಾಲ್ಟರ್ ತಾವು ಕಲಿಯಲೆಂದು ಹಾಕಿಕೊಳ್ಳುತ್ತಿದ್ದ ರೆಕಾರ್ಡುಗಳನ್ನು ಕೋಣೆ ಗುಡಿಸುವವನೂ ಕೇಳುತ್ತಿದ್ದ. ಆರು ವರ್ಷಗಳಲ್ಲಿ ಗುಡಿಸುವವನ ಕೈ ಮುಂದೆ ಹೋಯಿತು.

“ವಾಲ್ಟರ್ ಸಾಹೇಬರಿಗೆ ಕಿವಿ ಉಂಟು ಮೇಡಂ, ಕೈ ಇಲ್ಲ,” ಎಂದರು ಮೊಯ್ದಿನಾಕ. “ಅವರೇ ಹೇಳಿದ್ದು. ನೀನು ನುಡಿಸು, ನಾನು ಮೆಷಿನ್ ನೋಡ್ತೇನೆ ಅಂತ.”

1979ರ ಚಳಿಗಾಲದ ಒಂದು ಶುಕ್ರವಾರ ಹಾಗೆ ರೆಕಾರ್ಡ್ ಆದದ್ದು ಒಂದೇ ನಡೆ, ಹಾಡಿಲ್ಲದ ಒಂದು ಬ್ಲೂಸ್. ಅದು ಅವರ ಮೊದಲ ಧ್ವನಿಮುದ್ರಣ. ಆಮೇಲೆ ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಮಂಗಳೂರು, ಕಾಸರಗೋಡುಗಳ ಸ್ಟುಡಿಯೋಗಳಲ್ಲಿ ಮದುವೆ ಹಾಡಿನ ಕ್ಯಾಸೆಟ್‌ಗಳಿಗೆ ಗಿಟಾರ್ ನುಡಿಸಿದರು. ಅವರ ಲೆಕ್ಕದಲ್ಲಿ ಹನ್ನೊಂದು. ಹೊದಿಕೆಯಲ್ಲಿ ಗಾಯಕರ ಚಿತ್ರ, ಕಂಪನಿಯ ಹೆಸರು ಇರುತ್ತಿತ್ತು, ವಾದಕರದ್ದು ಇರುತ್ತಿರಲಿಲ್ಲ. ಕುವೈತ್‌ನಲ್ಲಿ ನಮ್ಮವರ ಸಂಘವೊಂದು ತಂದ ಸಿ.ಡಿ.ಯಲ್ಲಿ ‘ಮತ್ತು ತಂಡ’ ಎಂದಿತ್ತು. ಆ ‘ಮತ್ತು ತಂಡ’ದಲ್ಲಿ ಅವರಿದ್ದರು. ನಲವತ್ತು ವರ್ಷಗಳ ಧ್ವನಿಮುದ್ರಣ ಜೀವನ, ಒಂದರಲ್ಲೂ ಹೆಸರಿಲ್ಲ. ಹೇಳಿದ್ದೆಲ್ಲ ಸರಾಗವಾಗಿತ್ತು, ಎಲ್ಲೂ ತಡವರಿಸಲಿಲ್ಲ. ಅದೇ ನನಗೆ ಸರಿ ಕಾಣಲಿಲ್ಲ. ನಲವತ್ತನಾಲ್ಕು ವರ್ಷದ ಹಿಂದಿನದನ್ನು ಹೇಳುವವರು ನಡುವೆ ಎಲ್ಲಾದರೂ ‘ಅಲ್ಲ, ತಡೀರಿ’ ಅನ್ನಬೇಕು.

ಕೋಣೆಯಲ್ಲಿ ಆ ದಿನ ಇನ್ಯಾರಿದ್ದರು ಎಂದು ಕೇಳಿದೆ. ನಾನು, ಸಾಹೇಬರು, ಇಬ್ಬರೇ ಎಂದರು. ತುಣುಕಿನಲ್ಲಿ ಗಿಟಾರ್ ಜೊತೆಗೆ ಲೋಹದ ಮೇಲೆ ತಟ್ಟಿದಂಥ ಒಂದು ಸದ್ದಿತ್ತು. ಅದನ್ನೂ ಕೇಳಿದೆ. “ಕಾಲು ಕುಟ್ಟಿದ್ದು,” ಎಂದರು. ಜೇಬಿನಿಂದ ಒಂದು ಫೋಟೋ ತೆಗೆದರು. ಸ್ಟೂಲಿನ ಮೇಲೆ ಗಿಟಾರ್ ಹಿಡಿದ ಯುವಕ, ಹಿಂದೆ ನಿಂತ ಎತ್ತರದ ಬಿಳಿಯ. ಹೊಸ ಪ್ರಿಂಟು. ಪುಟದ ಚಿತ್ರಗಳನ್ನು ವರ್ಷಗಟ್ಟಲೆ ನೋಡಿದ ಕಣ್ಣಿಗೆ ಅದರ ಬಲ ಅಂಚು ಸರಿ ಇರಲಿಲ್ಲ. ಅಲ್ಲಿ ಯಾರದೋ ಮೊಣಕೈ ಇತ್ತು. ಆ ಮೊಣಕೈಯ ಒಡೆಯನನ್ನು ಯಾರೋ ಕತ್ತರಿಸಿದ್ದರು.

‘ಫೋಟೋ ಕ್ರಾಪ್ ಆಗಿದೆ, ಯಾಕೆ?’ ಎಂದು ಪ್ಯಾಡಿನಲ್ಲಿ ಬರೆದು ಅಡಿಗೆರೆ ಹಾಕಿದೆ.

ಮಾರ್ಚ್ 11ರ ಶನಿವಾರ ಥಾಮಸ್ ಜೊತೆ ಅರ್ದಿಯಾಕ್ಕೆ ಹೋದೆ. ಗೋದಾಮಿನ ಹಿಂದೆ ಮೂರು ಜನರ ಕೋಣೆ, ಮಂಚದ ಕೆಳಗೆ ಗಿಟಾರ್. ಮೊಯ್ದಿನಾಕ ಅದೇ ನಡೆಯನ್ನು ನುಡಿಸಿದರು. ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಕೇಳಲು ಚೆನ್ನಾಗಿತ್ತು. ಆದರೆ ಸಂಗೀತ ಗೊತ್ತಿಲ್ಲದ ನನಗೂ ಒಂದು ತಿಳಿಯಿತು: ರೆಕಾರ್ಡಿನದು ಚುರುಕು, ಇವರದು ನಿಧಾನ. ರೆಕಾರ್ಡಿನದು ಎತ್ತರದ ಸ್ವರ, ಇವರದು ತಗ್ಗಿನದು.

ಹೊರಗೆ ಬಂದು ಕಾರು ಹತ್ತುವಾಗ ಥಾಮಸ್ ಹೇಳಿದರು. “ಮುದುಕ ಚೆನ್ನಾಗಿ ನುಡಿಸುತ್ತಾನೆ. ತುಣುಕು ಕೇಳಿ ಒಂದು ವಾರದಲ್ಲಿ ಕಲಿತರೂ ಇಷ್ಟು ಬರುತ್ತದೆ. ಯಲ್ಲಾ, ಚಹಾ ಆಯಿತಲ್ಲ, ಹೋಗೋಣ.”

ಆದರೂ ಎರಡೂ ಕಡೆ ಕೇಳದೆ ಫೈಲ್ ಮುಚ್ಚುವುದು ನಮ್ಮ ಪದ್ಧತಿಯಲ್ಲ. ಆ ಕಂಪನಿಗೆ ಬರೆದೆ. ಟೇಪನ್ನು ಡಿಜಿಟಲ್‌ಗೆ ಇಳಿಸಿದ ಅವರ ಸೌಂಡ್ ಎಂಜಿನಿಯರ್ ಯಾನ್ ಎಂಬವರು ಮಾರ್ಚ್ 16ರಂದು ಉತ್ತರಿಸಿದರು. ಸಭ್ಯವಾದ, ಕರಾರುವಾಕ್ಕಾದ ಪತ್ರ. ಓದುತ್ತ ಹೋದಂತೆ ಮೊಯ್ದಿನಾಕರ ಮಾತಿನಲ್ಲಿ ಉಳಿಯುವುದು ಏನೂ ಇರಲಿಲ್ಲ.

ಟೇಪು ಸಿಕ್ಕಿದ್ದು ವಾಲ್ಟರ್ ಮಗನಿಗೆ, ತಂದೆಯ ಸಾಮಾನಿನ ನಡುವೆ. ತಂದೆ ರಜೆಯಲ್ಲಿ ಅಮೆರಿಕದ ಮನೆಗೆ ಬಂದಾಗ ನುಡಿಸಿದ್ದು ಎಂದು ಮಗನ ನಂಬಿಕೆ. ಯಾನ್ ಅದನ್ನು ಸುಮ್ಮನೆ ಒಪ್ಪಿರಲಿಲ್ಲ, ಪರೀಕ್ಷಿಸಿದ್ದರು. ಹಳೆಯ ಧ್ವನಿಮುದ್ರಣಗಳಲ್ಲಿ ವಿದ್ಯುತ್ತಿನ ಸಣ್ಣ ಗುಂಯ್‌ಗುಡುವಿಕೆ ಸೇರಿಕೊಂಡಿರುತ್ತದೆ. ಅದಕ್ಕೆ ಹಮ್ ಎನ್ನುತ್ತಾರೆ. ಕುವೈತ್‌ನಲ್ಲಿ, ಭಾರತದಲ್ಲಿ ವಿದ್ಯುತ್ತು ಸೆಕೆಂಡಿಗೆ ಐವತ್ತು ಸಲ ದಿಕ್ಕು ತಿರುಗಿ ಬರುತ್ತದೆ, ಅಂದರೆ 50 ಹರ್ಟ್ಸ್. ಅಮೆರಿಕದಲ್ಲಿ 60. ಈ ಟೇಪಿನ ಹಮ್ 60. ಎಂದರೆ ಟೇಪು ಅಮೆರಿಕದ್ದು. ನಡೆಯ ಶ್ರುತಿ ಪಾಶ್ಚಾತ್ಯ ಸಂಗೀತದ ಜಿ. ನಾನು ಕಳಿಸಿದ ಫೋನ್ ರೆಕಾರ್ಡಿಂಗಿನಲ್ಲಿ ಮೊಯ್ದಿನ್ ನುಡಿಸಿದ್ದು ಅದಕ್ಕಿಂತ ತಗ್ಗಿನ ಇ. ಗಿಟಾರಿನ ಶ್ರುತಿ ಏರಿಸಲು ತಂತಿಗಳ ಮೇಲೆ ಕಚ್ಚಿಸುವ ಕ್ಯಾಪೊ ಎಂಬ ಸಣ್ಣ ಹಿಡಿಕೆ ಇರುತ್ತದೆ. ಇ ಶ್ರುತಿಯನ್ನು ಜಿ ಮಾಡಲು ಅದು ಬೇಕು. ವಾಲ್ಟರ್ ಗಿಟಾರ್ ಪೆಟ್ಟಿಗೆಯಲ್ಲಿ ಒಂದು ಕ್ಯಾಪೊ ಸಿಕ್ಕಿದೆ. ಇನ್ನು, ಟೇಪಿನ ಕೊನೆಯ ಭಾಗದಲ್ಲಿ ಒಂದು ಹೆಂಗಸಿನ ದನಿ ಇದೆ, ಭಾಷೆ ತಿಳಿಯುತ್ತಿಲ್ಲ. ನಿಮ್ಮವರು ಹೇಳುವಂತೆ ಕೋಣೆಯಲ್ಲಿ ಇಬ್ಬರೇ ಇದ್ದರೆ ಈಕೆ ಯಾರು? ಕೊನೆಯದಾಗಿ, ಟೇಪಿನ ಡಬ್ಬದ ಮೇಲೆ ಪೆನ್ಸಿಲಿನಲ್ಲಿ ‘1979, 6:00’ ಎಂದಿದೆ. ಟೇಪು ಓಡುವುದು ಸರಿಯಾಗಿ ಐದು ನಿಮಿಷ. ಡಬ್ಬವೇ ಬೇರೆಯದಿರಬಹುದು, ಅಥವಾ ಒಂದು ನಿಮಿಷ ಯಾರೋ ಕತ್ತರಿಸಿರಬಹುದು. ಏನೇ ಆದರೂ ಹೊದಿಕೆ ಏಪ್ರಿಲ್ 24ಕ್ಕೆ ಅಚ್ಚಿಗೆ ಹೋಗುತ್ತದೆ.

ನಾನು ಮೊಯ್ದಿನಾಕರಿಗೆ ಫೋನ್ ಮಾಡಿದೆ. ಹಮ್, ಕ್ಯಾಪೊ ಎಲ್ಲ ಬಿಟ್ಟು, “ಟೇಪಿನಲ್ಲಿ ಒಬ್ಬ ಹೆಂಗಸು ಮಾತಾಡುತ್ತಾಳಂತೆ, ಯಾರು?” ಎಂದೆ.

“ಹೆಂಗಸಾ?” ಅವರು ನಕ್ಕರು. “ಬ್ಯಾಚುಲರ್ ಕ್ಯಾಂಪ್ ಅಮ್ಮಾ ಅದು. ಹೆಣ್ಣು ಬೆಕ್ಕು ಕೂಡ ಬರ್ತಿರಲಿಲ್ಲ.” ಆಮೇಲೆ ನಗು ನಿಂತಿತು. “ಎಂತ ಹೇಳ್ತಾಳೆ?” ಎಂದು ಕೇಳಿದರು. ಗೊತ್ತಿಲ್ಲ ಎಂದೆ. “ಲೋಡ್ ಬಂತು, ಮತ್ತೆ ಮಾಡ್ತೇನೆ,” ಎಂದು ಇಟ್ಟರು. ಮತ್ತೆ ಮಾಡಲಿಲ್ಲ. ಹೆಂಗಸು ಇರಲಿಲ್ಲ ಎಂದರೆ ಮಾತು ಅಲ್ಲಿಗೇ ಮುಗಿಯಬೇಕಿತ್ತು. ಇಲ್ಲದ ಹೆಂಗಸು ಏನು ಹೇಳಿದಳು ಎಂದು ಯಾರೂ ಕೇಳುವುದಿಲ್ಲ.

ಮಾರ್ಚ್ 24, ಶುಕ್ರವಾರ. ರಂಜಾನ್ ಶುರುವಾಗಿತ್ತು. ಮಧ್ಯಾಹ್ನ ಮನೆಯಲ್ಲಿ ಊಟದ ಮೇಜಿನ ಮೇಲೇ ನನ್ನ ಪ್ಯಾಡ್ ತೆರೆದಿತ್ತು. ಪತಿ ಗಿರೀಶ್ ಮೈಸೂರಿನವರು, ಶುಐಬಾದ ಪೆಟ್ರೋಕೆಮಿಕಲ್ ಘಟಕವೊಂದರಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದರು. ಮಜ್ಜಿಗೆ ಸುರಿದುಕೊಳ್ಳುತ್ತ ಪ್ಯಾಡಿನ ಕಡೆ ನೋಡಿದರು.

“ಏನಿದು, ಆರು, ಐದು, ಅರವತ್ತು, ಐವತ್ತು? ನಮ್ಮ ಪಂಪಿನ ಕಥೆ ಬರೀತಿದ್ದೀಯಾ?”

“ಯಾವ ಪಂಪು?”

“ಹೋದ ವರ್ಷ ಹೇಳಿರ್ಲಿಲ್ವಾ? ಅಮೆರಿಕದಿಂದ ಸೆಕೆಂಡ್‌ಹ್ಯಾಂಡ್ ಮೋಟಾರ್ ತರಿಸಿದ್ರು. ಅಲ್ಲಿ ನಿಮಿಷಕ್ಕೆ ಸಾವಿರದೆಂಟುನೂರು ಸುತ್ತು. ಇಲ್ಲಿ ಹಾಕಿದ್ರೆ ಸಾವಿರದೈನೂರು. ಮೋಟಾರ್ ಕೆಟ್ಟಿದೆ ಅಂತ ಒಂದು ವಾರ ಜಗಳ. ಕೆಟ್ಟಿರ್ಲಿಲ್ಲ ಕಣೆ. ಅರವತ್ತು ಹರ್ಟ್ಸ್ ಮೋಟಾರನ್ನ ಐವತ್ತಕ್ಕೆ ಹಾಕಿದ್ರೆ ಆರರಲ್ಲಿ ಐದು ಪಾಲೇ ತಿರುಗೋದು.”

ನಾನು ತುತ್ತು ಕೆಳಗಿಟ್ಟೆ. ಟೇಪ್ ರೆಕಾರ್ಡರ್‌ಗೂ ಮೋಟಾರ್ ಇರುತ್ತದಲ್ಲ ಎಂದೆ.

“ಎಲ್ಲಿದು ಮೆಷಿನ್ನು?”

“ವಾಲ್ಟರ್ ಅಮೆರಿಕದಿಂದ ತಂದಿದ್ದು. ಜೊತೆಗೊಂದು ಟ್ರಾನ್ಸ್‌ಫಾರ್ಮರ್ ಇತ್ತಂತೆ. ಕಲ್ಲಿನ ಹಾಗೆ ಭಾರ, ನಾನೇ ಹೊತ್ತು ತಂದದ್ದು ಅಂತ ಮೊಯ್ದಿನಾಕ ಹೇಳಿದ್ರು.”

ಗಿರೀಶ್ ನಕ್ಕುಬಿಟ್ಟರು. “ಇಲ್ಲಿಗೆ ಬಂದೋರೆಲ್ಲ ಮಾಡೋ ತಪ್ಪು. ಟ್ರಾನ್ಸ್‌ಫಾರ್ಮರ್ ಹಾಕಿದ್ರೆ ವೋಲ್ಟೇಜು ಇಳಿಯುತ್ತೆ, ಹರ್ಟ್ಸ್ ಐವತ್ತೇ ಇರುತ್ತೆ. ಮೆಷಿನ್ ಸುಡಲ್ಲ, ನಿಧಾನಕ್ಕೆ ಓಡುತ್ತೆ. ಅದೇ ಮೆಷಿನ್ನಲ್ಲೇ ಹಾಕಿ ಕೇಳಿದ್ರೆ ಯಾರಿಗೂ ಗೊತ್ತಾಗಲ್ಲ. ರೆಕಾರ್ಡ್ ಮಾಡಿದ್ದೂ ನಿಧಾನ, ಕೇಳೋದೂ ನಿಧಾನ. ಸರಿಯಾಗಿ ಓಡೋ ಬೇರೆ ಮೆಷಿನ್ನಿಗೆ ಹಾಕಿದಾಗ್ಲೇ ಕುಣಿಯೋದು.”

ಎಂದರೆ, ಆರು ನಿಮಿಷ ನುಡಿಸಿದ್ದು ಐದು ನಿಮಿಷದಲ್ಲಿ ಮುಗಿಯುತ್ತದೆ. ಶ್ರುತಿ ಏರುತ್ತದೆ. ಕುವೈತ್‌ನ 50 ಹರ್ಟ್ಸ್ ಹಮ್ ಕೂಡ ಏರಿ, ಅಮೆರಿಕದ 60 ಎಂದು ಕೇಳಿಸುತ್ತದೆ. ಮೊಯ್ದಿನಾಕ ಹೇಳಿದ್ದು ಸುಳ್ಳು ಎನ್ನಲು ಯಾನ್ ಕೊಟ್ಟಿದ್ದ ಪ್ರತಿ ಅಂಕಿಯೂ ಅದೇ ಲೆಕ್ಕದಲ್ಲಿ ಅವರ ಪರ ತಿರುಗುತ್ತಿತ್ತು. ಊಟ ಮುಗಿಸಿ ತೊಂಬತ್ತು ಸೆಕೆಂಡಿನ ತುಣುಕನ್ನು ಲ್ಯಾಪ್‌ಟಾಪಿನಲ್ಲಿ ನೂರೆಂಟು ಸೆಕೆಂಡಿಗೆ ನಿಧಾನಿಸಿ ಕೇಳಿದೆವು. ಅರ್ದಿಯಾದ ಕೋಣೆಯಲ್ಲಿ ಕೇಳಿದ್ದೇ ಇದು. ಅದೇ ನಡಿಗೆ, ಅದೇ ತಗ್ಗು.

ಸಂಜೆಯೊಳಗೆ ಯಾನ್‌ಗೆ ಬರೆದೆ. ಉತ್ತರ ಬಂದದ್ದು ಮಾರ್ಚ್ 28ಕ್ಕೆ. ಅವರು ಲೆಕ್ಕ ಹಾಕಿ ನೋಡಿದ್ದರು: ಹಮ್ 50, ಶ್ರುತಿ ಇ, ಅವಧಿ ಆರು ನಿಮಿಷ. ಟೇಪು ಕುವೈತ್‌ನದ್ದೇ ಇರಬೇಕು ಎಂದು ಒಪ್ಪಿಕೊಂಡಿದ್ದರು. ಆದರೆ ಕೊನೆಯ ಪ್ಯಾರಾದಲ್ಲಿ ಒಂದು ಸರಿಯಾದ ಪ್ರಶ್ನೆ ಕೇಳಿದ್ದರು. ವಾಲ್ಟರ್ ಕೂಡ ಕುವೈತ್‌ನಲ್ಲೇ ಇದ್ದರಲ್ಲ? ಟೇಪು ಎಲ್ಲಿಯದು ಎಂಬುದು ಗೊತ್ತಾಯಿತು, ನುಡಿಸಿದ್ದು ಯಾರು ಎಂಬುದು ಇನ್ನೂ ಇಲ್ಲ. ಪತ್ರದೊಂದಿಗೆ ಪೂರ್ತಿ ಟೇಪನ್ನು ಕಳಿಸಿದ್ದರು.

ಮರುದಿನ ಕಚೇರಿಯಲ್ಲಿ ಹೆಡ್‌ಫೋನ್ ಹಾಕಿ, ಸರಿಯಾದ ವೇಗಕ್ಕೆ ಇಳಿಸಿ ಕೇಳಿದೆ. ನಾಲ್ಕು ನಿಮಿಷ ಐವತ್ತು ಸೆಕೆಂಡಿನ ಹತ್ತಿರ ಗಿಟಾರ್ ಇನ್ನೇನು ನಿಲ್ಲುತ್ತದೆ ಎನ್ನುವಂತೆ ಸಣ್ಣದಾಯಿತು. ಆಗ ಆ ‘ಹೆಂಗಸು’ ಮಾತಾಡಿದಳು. ಅದು ಹೆಂಗಸಲ್ಲ, ಕೀರಲು ದನಿಯ ಗಂಡಸು. ಮಾತು ತುಳು.

“ಮೊಯ್ದಿನ್, ಉಂತಾವಡ! ನನ ಒಂಜಿ ಸುತ್ತು!”

ನಿಲ್ಲಿಸಬೇಡ, ಇನ್ನೊಂದು ಸುತ್ತು. ಗಿಟಾರ್ ಮತ್ತೆ ಎದ್ದಿತು. ಲೋಹದ ಸದ್ದು ಇನ್ನೂ ಜೋರಾಯಿತು. ತೀರಾ ದೂರದಲ್ಲಿ, ಮೆಷಿನ್ ಇದ್ದ ಕಡೆಯಿಂದಿರಬೇಕು, ಇಂಗ್ಲಿಷಿನಲ್ಲಿ ಒಬ್ಬರು ಹೌದು ಹೌದು ಎಂದು ನಕ್ಕರು. ಅವರು ನಗುವಾಗ ಗಿಟಾರ್ ಮೈಕಿನ ಹತ್ತಿರವೇ ನುಡಿಯುತ್ತಿತ್ತು.

ಥಾಮಸ್‌ಗೆ ಕೇಳಿಸಿದೆ. ತುಳು ಅವರಿಗೆ ಬಾರದು, ಹೆಸರು ಮಾತ್ರ ತಿಳಿಯಿತು. “ಹೆಸರಿದೆ, ಟೇಪೂ ಇದೆ. ಬರೆ,” ಎಂದರು.

“ಕೋಣೆಯಲ್ಲಿ ಮೂರು ಜನ ಇದ್ದಾರೆ. ಅವರು ಇಬ್ಬರು ಅಂದರು. ಫೋಟೋ ಕತ್ತರಿಸಿದ್ದಾರೆ.”

“ಗಿಟಾರ್ ಅವರದ್ದು ಅಂತ ಸಾಬೀತಾಯಿತಲ್ಲ?”

“ಒಂದು ಸುಳ್ಳಿಗೆ ಕಾರಣ ಗೊತ್ತಾಗದೆ ಇನ್ನೊಂದು ನಿಜ ಹೇಗೆ ಅಚ್ಚು ಹಾಕಲಿ?” ಎಂದೆ. ಅವರು ಕೈ ಚೆಲ್ಲಿದರು.

ಏಪ್ರಿಲ್ 2ರ ಭಾನುವಾರ ಮೊಯ್ದಿನಾಕರನ್ನು ಕಚೇರಿಗೆ ಕರೆಸಿದೆ. ಉಪವಾಸವಿದ್ದರು, ಚಹಾದ ಮಾತಿರಲಿಲ್ಲ. ಟೇಪಿನಲ್ಲಿ ಏನಿದೆ ಎಂದು ಮೊದಲೇ ಹೇಳಲಿಲ್ಲ. ಕೇಳಿಸಿದ ಮೇಲೆ ಪ್ರಶ್ನೆ ಕೇಳಿದರೆ ಉತ್ತರಕ್ಕೆ ಬೆಲೆಯಿಲ್ಲ.

“ಕೋಣೆಯಲ್ಲಿ ಯಾರ್ಯಾರು ಇದ್ರಿ ಮೊಯ್ದಿನಾಕ?”

“ಹೇಳಿದೆನಲ್ಲ ಅಮ್ಮಾ. ನಾನು, ಸಾಹೇಬರು.”

“ಇನ್ನೊಮ್ಮೆ ನೆನಪು ಮಾಡಿ.”

“ಎಂತ ನೆನಪು? ಕೋರ್ಟಾ ಇದು?”

“ಫೋಟೋದಲ್ಲಿ ಒಂದು ಮೊಣಕೈ ಉಂಟು.”

ಅವರು ಜೇಬಿನ ಪೆನ್ನನ್ನು ತೆಗೆದು, ಮತ್ತೆ ಅಲ್ಲೇ ಸಿಕ್ಕಿಸಿದರು. ನಾನು ಟೇಪು ಹಾಕಿದೆ.

ಗಿಟಾರ್ ಶುರುವಾದಾಗ ಅವರು ತಲೆದೂಗಿದರು, ತೊಡೆಯ ಮೇಲೆ ಬೆರಳು ಓಡಿದವು. ನಾಲ್ಕು ನಿಮಿಷ ಐವತ್ತು ಸೆಕೆಂಡಿಗೆ ಆ ಕೀರಲು ದನಿ ಬಂದಾಗ ಬೆರಳು ನಿಂತವು. “ನಿಲ್ಲಿಸಿ,” ಎಂದರು. ನಿಲ್ಲಿಸಿದೆ. ಒಂದು ನಿಮಿಷದ ಮೇಲೆ, “ಇಲ್ಲ, ಹಾಕಿ. ಮುಗೀಲಿ,” ಎಂದರು. ಕೊನೆಯವರೆಗೂ ಕೇಳಿದರು.

“ಐತಪ್ಪ,” ಎಂದರು ಆಮೇಲೆ. “ಮೆಸ್ಸಿನ ಅಡಿಗೆಯವ. ಬಂಟ್ವಾಳದ ಆಚೆಯವ. ಮದುವೆಗೆ ಮೊದಲೇ ಹೆಂಡತಿಯ ದನಿ ತಂದವ ಅಂತ ಅವನಿಗೆ ತಮಾಷೆ ಮಾಡ್ತಿದ್ದದ್ದು ನಾವು. ದೊಡ್ಡ ಅಲ್ಯೂಮಿನಿಯಂ ಪಾತ್ರೆ ಕವುಚಿ ಹಾಕಿ ಬಡೀತಿದ್ದ. ಅವನ ತಾಳ ಇಲ್ಲದಿದ್ರೆ ನಾನು ಆ ದಿನ ಮೂರನೇ ಸುತ್ತಿಗೇ ನಿಲ್ಲಿಸ್ತಿದ್ದೆ.”

“ಯಾಕೆ ಮುಚ್ಚಿಟ್ಟಿರಿ?”

“ಮುಚ್ಚಿಟ್ಟದ್ದಲ್ಲ. ಬಿಟ್ಟದ್ದು.” ಅವರ ದನಿ ಏರಿತು. “ನೀವೇ ಹೇಳಿ ಅಮ್ಮಾ. ರೂಮ್ ಬಾಯ್ ಗಿಟಾರ್ ನುಡಿಸಿದ ಅಂದ್ರೇ ನೀವು ನಂಬಲಿಲ್ಲ. ನಿಮ್ಮ ಆ ಸಾರ್ ನನ್ನ ಕೋಣೆಯಲ್ಲಿ ನಿಂತು ವಾಚ್ ನೋಡಿದ್ರು. ಅಡಿಗೆಯವ ಪಾತ್ರೆ ಬಡಿದ ಅಂತಲೂ ಹೇಳಿದ್ರೆ? ನಕ್ಕು ಕಳಿಸ್ತಿದ್ರಿ. ಅದಕ್ಕೆ ಸ್ಟುಡಿಯೋಕ್ಕೆ ಹೋಗಿ ಫೋಟೋ ಸಣ್ಣ ಮಾಡಿಸಿದೆ. ಗಿಟಾರ್ ನನ್ನದೇ ಅಲ್ವಾ? ಅದರಲ್ಲಿ ಸುಳ್ಳುಂಟಾ?”

ಗಿಟಾರ್ ನಿಮ್ಮದೇ ಎಂದೆ. ಐತಪ್ಪ ಈಗ ಎಲ್ಲಿದ್ದಾರೆ ಎಂದು ಕೇಳಿದೆ. ಊರಿಗೆ ಹೋಗಿ, ಅಲ್ಲೇ ತೀರಿಕೊಂಡು ಬಹಳ ವರ್ಷವಾಯಿತು, ಒಬ್ಬಳು ಮಗಳಿದ್ದಾಳೆ ಎಂದರು. ನಾನು ಹೇಳಬೇಕಾದದ್ದನ್ನು ಹೇಳಿದೆ.

“ಹಾಗಾದ್ರೆ ವಾಲ್ಟರ್ ಮಗ ನಿಮಗೆ ಮಾಡಿದ್ದನ್ನೇ ನೀವು ಐತಪ್ಪನಿಗೆ ಮಾಡಿದ್ದೀರಿ.”

ಅವರು ಮೇಜಿನ ಮೇಲಿದ್ದ ಹೆಡ್‌ಫೋನನ್ನು ನನ್ನ ಕಡೆಗೆ ಸರಿಸಿದರು.

“ಇಲ್ಲ ಅಮ್ಮಾ,” ಎಂದರು. “ಆ ಮಗನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.”

ನನ್ನ ಷರತ್ತು ಸರಳವಾಗಿತ್ತು: ಬರೆದರೆ ಇಬ್ಬರ ಹೆಸರೂ, ಇಲ್ಲವಾದರೆ ಯಾರದ್ದೂ ಇಲ್ಲ. ಅಡಿಗೆಯವ ಪಾತ್ರೆ ಬಡಿದದ್ದು ಎಂದು ಓದಿ ಕಂಪನಿ ಹಿಂದೆ ಸರಿದರೆ ಜೂನ್‌ನಲ್ಲಿ ಅವರು ಬರಿಗೈಯಲ್ಲಿ ಹೋಗಬೇಕು ಎಂದೂ ಹೇಳಿದೆ. ಅವರು ಮರುದಿನ ಬೆಳಿಗ್ಗೆ ಎಂಟಕ್ಕೆ, ಗೋದಾಮಿಗೆ ಹೋಗುವ ಮೊದಲು, ಹಳೆಯ ಫೋಟೋದ ಮೂಲ ಪ್ರತಿಯನ್ನು ರಿಸೆಪ್ಷನ್‌ನಲ್ಲಿ ಕೊಟ್ಟುಹೋದರು. ಮೊಣಕೈಯ ಒಡೆಯ ನೆಲದ ಮೇಲೆ ಕಾಲು ಚಾಚಿ ಕುಳಿತಿದ್ದ. ಏಪ್ರನ್, ತಲೆಗೆ ಟವೆಲು, ಮುಂದೆ ಕವುಚಿದ ಪಾತ್ರೆ, ಎರಡೂ ಕೈಯಲ್ಲಿ ಸೌಟು. ಹಿಂಬದಿಯಲ್ಲಿ ವಾಲ್ಟರ್ ಕೈಬರಹದಲ್ಲಿ ಇಂಗ್ಲಿಷಿನಲ್ಲಿ ಮೂವರ ಹೆಸರಿತ್ತು. ಡಬ್ಬದ ಮೇಲಿನ ಪೆನ್ಸಿಲ್ ಬರಹಕ್ಕೂ ಅದಕ್ಕೂ ಹೋಲಿಕೆ ಇದೆಯೆಂದು ಯಾನ್ ಬರೆದರು.

ವಾಲ್ಟರ್ ಮಗ ಒಪ್ಪಲು ಎರಡು ವಾರ ತೆಗೆದುಕೊಂಡರು. ಮೊದಲ ಪತ್ರದಲ್ಲಿ, ನಮ್ಮ ತಂದೆಯ ಕೆಲಸದವರು ಅವರ ಗಿಟಾರ್ ಮುಟ್ಟಿರಬಹುದು, ಅಷ್ಟೇ ಎಂದಿದ್ದರು. ಎರಡನೆಯದರಲ್ಲಿ, ಟೇಪಿನ ಕೊನೆಯಲ್ಲಿ ದೂರದಿಂದ ಬರುವ ನಗು ತಂದೆಯದ್ದೇ ಎಂದು ಬರೆದಿದ್ದರು. ತಂದೆಯ ಹೆಸರು ಮೊದಲ ಸಾಲಿನಲ್ಲೇ ಇರಬೇಕು ಎಂಬ ಷರತ್ತು ಹಾಕಿದರು. ಕಂಪನಿ ಹೊದಿಕೆಯನ್ನು ಅಚ್ಚಿಗೆ ಹೋಗುವ ಮೊದಲೇ ತಡೆದು, ಟೇಪನ್ನು ಸರಿಯಾದ ವೇಗದಲ್ಲಿ ಮತ್ತೆ ಇಳಿಸಿತು. ನಮ್ಮ ಪತ್ರಿಕೆಯಲ್ಲಿ ಏಪ್ರಿಲ್ 28ರಂದು ಆರುನೂರು ಪದಗಳ ವರದಿ ಬಂತು. ತಿದ್ದುಪಡಿ ಬರೆಯಬೇಕಾಗಲಿಲ್ಲ.

ಡೆಸ್ಕಿನ ಕೆಲಸದಲ್ಲಿ ನಾನು ಕಲಿತಿದ್ದದ್ದು, ಸುಳ್ಳು ಹೇಳುವವರು ಕಥೆಗೆ ಏನನ್ನಾದರೂ ಸೇರಿಸುತ್ತಾರೆ ಎಂದು. ನಿಜ ಹೇಳುವವರು, ಎದುರಿನವರು ನಂಬಲಿ ಎಂದು ಏನನ್ನಾದರೂ ಕಳೆಯುತ್ತಾರೆ ಎಂಬುದನ್ನು ಈ ಪ್ರಕರಣದಲ್ಲಿ ಕಲಿತೆ. ಅವರು ಕಳೆಯುವುದು ಸಾಮಾನ್ಯವಾಗಿ ತಮಗಿಂತ ಒಂದು ಮೆಟ್ಟಿಲು ಕೆಳಗಿನವರನ್ನು. ನನ್ನ ಅನುಮಾನ ತಪ್ಪಿರಲಿಲ್ಲ. ಆದರೆ ಮೂರು ವಾರ ನಾನು ಅನುಮಾನಿಸಿದ್ದು ಗಿಟಾರನ್ನು, ಮೆಷಿನನ್ನು ಯಾರೂ ಅನುಮಾನಿಸಿರಲಿಲ್ಲ. ಅಂದಿನಿಂದ ಅಂಕಿಗಳೆಲ್ಲ ಒಬ್ಬ ಮನುಷ್ಯನ ವಿರುದ್ಧ ಒಂದೇ ದಿಕ್ಕಿನಲ್ಲಿ ನಿಂತಾಗ, ಅವನ್ನು ಅಳೆದ ಸಾಧನ ಯಾವುದು, ಅದು ಎಲ್ಲಿ ಓಡುತ್ತಿತ್ತು ಎಂದು ಮೊದಲು ಕೇಳುತ್ತೇನೆ.

ಮೊಯ್ದಿನಾಕ ಜೂನ್ 19ರಂದು ಇಕಾಮಾ ರದ್ದು ಮಾಡಿಸಿ ಮಂಗಳೂರಿನ ವಿಮಾನ ಹತ್ತಿದರು. ನಾನು ಅದೇ ಡಿಸೆಂಬರ್‌ನಲ್ಲಿ ನಿವೃತ್ತಳಾದೆ. ರೆಕಾರ್ಡ್ ಬಿಡುಗಡೆಯಾದದ್ದು 2024ರ ಫೆಬ್ರವರಿಯಲ್ಲಿ. ಕಂಪನಿ ಮೊಯ್ದಿನಾಕರಿಗೆ ಎರಡು ಪ್ರತಿ ಕಳಿಸಿತು. ಒಂದನ್ನು ಅವರು ಬಂಟ್ವಾಳದ ಆಚೆ ಐತಪ್ಪನ ಮಗಳ ಮನೆಗೆ ತಲುಪಿಸಿದರು. ನನ್ನ ಬಳಿ ಇರುವ ಪ್ರತಿಯ ಹಿಂಬದಿಯಲ್ಲಿ, ಕೆಳಗಿನ ಎಡ ಮೂಲೆಯಲ್ಲಿ, ಇಂಗ್ಲಿಷಿನಲ್ಲಿ ಮೂರು ಸಾಲುಗಳಿವೆ. ಧ್ವನಿಮುದ್ರಣ: ವಾಲ್ಟರ್, ಕುವೈತ್, 1979. ಗಿಟಾರ್: ಮೊಯ್ದಿನ್. ಅಲ್ಯೂಮಿನಿಯಂ ಪಾತ್ರೆ ಮತ್ತು ದನಿ: ಐತಪ್ಪ.